ಸೌದೆ ಹೋದ ದಿಕ್ಕಿಗೆ ನಮ್ಮ ವೀಕೆಂಡ್ ರೈಡ್

ಈ ಸಂಚಿಕೆ ಕೇಳ್ತಿರೋರಲ್ಲಿ ಅರ್ಧ ಜನರ ಫೋನಲ್ಲಿ ಒಂದಾದ್ರೂ ಬೈಕ್ ರೈಡರ್ಸ್ ವಾಟ್ಸಾಪ್ ಗ್ರೂಪ್ ಇರುತ್ತೆ ಅಂತ ನನ್ನ ಅಂದಾಜು. "ಶನಿವಾರ ಬೆಳಗ್ಗೆ ಐದೂವರೆ, ಹೊಳೆ ಬಸ್‌ಸ್ಟಾಪ್, ಲೇಟಾದ್ರೆ ಕಾಯಲ್ಲ." ಶಿವಮೊಗ್ಗದ ನಮ್ಮ ಗ್ರೂಪಿನ ಮೆಸೇಜ್ ಹೀಗಿರುತ್ತೆ. ಕಾಯ್ತಾರೆ, ಯಾವಾಗಲೂ ಕಾಯ್ತಾರೆ. ಭದ್ರಾವತಿಯಲ್ಲಿ ಟೀ, ಆಮೇಲೆ ಬಿಆರ್‌ಪಿ, ಲಕ್ಕವಳ್ಳಿ, ಲಿಂಗದಹಳ್ಳಿ, ಕೊನೆಗೆ ಕೆಮ್ಮಣ್ಣುಗುಂಡಿ. ಭಾನುವಾರ ಸಂಜೆ ವಾಪಸ್. ಇವತ್ತು ನಾನು ಹೇಳೋಕೆ ಹೊರಟಿರೋದು ಆ ರೈಡಿನ ಕಥೆ ಅಲ್ಲ. ಈ ಕಾಡಿಗೆ ಯಂತ್ರ ಮೊದಲು ಯಾಕೆ ಬಂತು, ಈಗ ಯಾಕೆ ಬರ್ತಿದೆ ಅನ್ನೋ ಕಥೆ.

ಸ್ವಲ್ಪ ದೂರದಿಂದ ಶುರು ಮಾಡ್ತೀನಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಅನ್ನೋ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಅಪೆಂಡಿಸೈಟಿಸ್‌ನಿಂದ ತೀರಿಕೊಂಡ. ಹಿಮದಲ್ಲಿ ರಸ್ತೆ ಮುಚ್ಚಿಹೋಗಿತ್ತು, ಆಸ್ಪತ್ರೆಗೆ ಒಯ್ಯೋಕೆ ಆಗಲಿಲ್ಲ. ಹಿಮದ ಮೇಲೆ ಓಡೋ ಗಾಡಿಗಾಗಿ ಆಗಲೇ ತಲೆ ಕೆಡಿಸಿಕೊಂಡಿದ್ದ ಆತ 1937ರಷ್ಟೊತ್ತಿಗೆ ಒಂದು ಮಾದರಿ ಗೆದ್ದ. ಡಾಕ್ಟರು, ಟಪಾಲು, ಶಾಲೆ ಮಕ್ಕಳು ಅದರಲ್ಲಿ ಓಡಾಡಿದರು. 1959ರಲ್ಲಿ ಅದೇ ಕಂಪನಿ ಒಬ್ಬಿಬ್ಬರು ಕೂರೋ ಚಿಕ್ಕ ಸ್ಕಿ-ಡೂ ತಂತು, ಅಲ್ಲಿಂದ ಸ್ನೋಮೊಬೈಲ್ ವೀಕೆಂಡ್ ಆಟ ಆಯ್ತು. ಉತ್ತರದ ಕಾಡುಗಳಲ್ಲಿ ಊರೂರಿಗೆ ಕ್ಲಬ್ಬು. ಮಿಷಿಗನ್, ವಿಸ್ಕಾನ್ಸಿನ್ ಕಡೆ ಆ ಕ್ಲಬ್ಬುಗಳು ಓಡಿಸೋ ಎಷ್ಟೋ ದಾರಿಗಳು ಹಿಂದೆ ಮರ ಸಾಗಿಸೋಕೆ ಹಾಕಿ ಆಮೇಲೆ ಕಿತ್ತುಹಾಕಿದ ರೈಲು ದಾರಿಗಳು.

ಇದನ್ನು ಓದಿದಾಗ ನನಗೆ ಥಟ್ಟಂತ ನೆನಪಾಗಿದ್ದು ಭದ್ರಾವತಿ.

ಹಳೇ ಹೆಸರು ಬೆಂಕಿಪುರ. 1918ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ರೂಪಿಸಿದ ಯೋಜನೆಯಂತೆ, ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಹುಟ್ಟಿತು. ಉತ್ಪಾದನೆ ಶುರುವಾಗಿದ್ದು 1923ರಲ್ಲಿ. ಶುರುವಿನ ಹೆಸರಲ್ಲೇ ಗುಟ್ಟಿದೆ: ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ವುಡ್ ಮೊದಲು, ಐರನ್ ಆಮೇಲೆ. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡು ಇತ್ತು. ಗಾಳಿ ಆಡದ ಹಾಗೆ ಮುಚ್ಚಿ ಸೌದೆ ಕಾಯಿಸಿದರೆ ಇದ್ದಲು ಸಿಗುತ್ತೆ, ಜೊತೆಗೆ ಆವಿಯಿಂದ ಮೀಥೈಲ್ ಆಲ್ಕೋಹಾಲು, ಅಸಿಟೇಟು, ಟಾರು. ಆ ಇದ್ದಲಲ್ಲಿ ಅದಿರು ಕರಗಿಸೋದು.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕ ಹಾಕದೆ ನಿದ್ದೆ ಬರಲ್ಲ. ಸಾಮಾನ್ಯವಾಗಿ ಒಂದು ಟನ್ ಇದ್ದಲಿಗೆ ನಾಲ್ಕು ಟನ್ ಹತ್ತಿರ ಸೌದೆ ಬೇಕು, ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದು ಟನ್ ಇದ್ದಲು. ಅಂದ್ರೆ ಒಂದು ಲಾರಿ ಕಬ್ಬಿಣ ಹೊರಗೆ ಹೋದರೆ ನಾಲ್ಕು ಲಾರಿ ಕಾಡು ಒಳಗೆ ಬಂದಿರಬೇಕು. ಕುಲುಮೆ ಅಂದ್ರೆ ಅಂಗಡಿ ಅಲ್ಲ, ಭಾನುವಾರ ಬಾಗಿಲು ಹಾಕಿ ಸೋಮವಾರ ತೆಗೆಯೋಕಾಗಲ್ಲ. ಹಗಲೂ ರಾತ್ರಿ ಉರೀಲೇಬೇಕು, ಸೌದೆ ಬರ್ತಾನೇ ಇರಬೇಕು.

ಅದಕ್ಕೇ ಕಾಡಿನೊಳಗೆ ಟ್ರಾಮ್ ದಾರಿ ಬಂತು. ಕಿರಿದಾದ ಹಳಿ, ಪುಟ್ಟ ಬೋಗಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಹಳಿ ಇತ್ತು ಅಂದ್ರೆ ಇವತ್ತು ಅಲ್ಲಿನ ಹುಡುಗರೇ ನಂಬಲ್ಲ. ಅದಿರು ಸಿಗ್ತಿದ್ದದ್ದು ಕೆಮ್ಮಣ್ಣುಗುಂಡಿಯಲ್ಲಿ. ಕೆಂಪು ಮಣ್ಣಿನ ಗುಂಡಿ, ಹೆಸರೇ ಹೇಳುತ್ತೆ. ಬೆಟ್ಟದಿಂದ ರೋಪ್‌ವೇಯಲ್ಲಿ ತೊಟ್ಟಿಗಳು ಇಳೀತಿದ್ವು. ನಾವು ರೈಡ್ ಮಾಡೋ ರಸ್ತೆ ಹಳೇ ಹಳಿಯ ಮೇಲೇ ಇದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಅದಿರು ಯಾವ ಕಡೆಯಿಂದ ಇಳೀತೋ ಆ ಕಡೆಗೇ ನಾವು ಹತ್ತುತ್ತೀವಿ, ಫೋಟೋ ತೆಗೆಯೋಕೆ.

1950ರ ದಶಕದಲ್ಲಿ ಜೋಗದ ಕರೆಂಟಿನಿಂದ ವಿದ್ಯುತ್ ಕುಲುಮೆಗಳು ಬಂದವು, ಇದ್ದಲಿನ ಮೇಲಿನ ಹಸಿವು ಕಮ್ಮಿಯಾಯ್ತು. ಅದೇ ಹೊತ್ತಿಗೆ ಕಾಡಿಗೆ ಬೇರೆ ಹೆಸರು ಬರೋಕೆ ಶುರುವಾಗಿತ್ತು. 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯ, 1974ರಲ್ಲಿ ಅದು ಬೆಳೆದು ಭದ್ರಾ ವನ್ಯಜೀವಿ ಅಭಯಾರಣ್ಯ, 1998ರಲ್ಲಿ ಹುಲಿ ಯೋಜನೆ. 2001-02ರಲ್ಲಿ ಕಾಡಿನೊಳಗಿನ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬ ಹೊರಗೆ ಬಂದವು. ಅವರಿಗೆ ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಯಲ್ಲಿ, ಮೂಡಿಗೆರೆ ಕಡೆಯ ಕೆಳಗೂರಿನಲ್ಲಿ ಜಮೀನು, ಮನೆ ಕೊಟ್ಟರು. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರಗಳ ಪಟ್ಟಿಯಲ್ಲಿ ಇದನ್ನು ಹೇಳ್ತಾರೆ, ನಿಜ ಕೂಡ. ಆದರೂ ತಲೆಮಾರುಗಳಿಂದ ಇದ್ದ ಊರು ಬಿಡೋದು ಅಂದ್ರೆ ಊರು ಬಿಡೋದೇ. ಇತ್ತ ಭದ್ರಾವತಿಯಲ್ಲಿ 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಬಂತು. ಆಮೇಲಿನ ಹೋರಾಟ, ಅರೆಬರೆ ಮರುಚಾಲನೆ ನಿಮಗೆ ಗೊತ್ತೇ ಇದೆ.

ಹೀಗೆ ಸೌದೆ ಕಡಿದವರು ಹೋದರು, ಗದ್ದೆ ಉತ್ತವರು ಹೋದರು. ಜಾಗ ಖಾಲಿಯಾದ ಮೇಲೆ ಸೈಲೆನ್ಸರ್ ಬದಲಾಯಿಸಿಕೊಂಡು ನಾವು ಬಂದ್ವಿ. ನನಗೆ ಕಿರಿಕಿರಿ ಆಗೋದು ಇಲ್ಲೇ. ಹುಲಿಗೆ ನೆಮ್ಮದಿ ಬೇಕು ಅಂತ ಒಬ್ಬ ರೈತ ತನ್ನ ಮನೆ ಬಿಟ್ಟ ಕಾಡಿನ ಅಂಚಲ್ಲಿ, ನನಗೆ ಸ್ಟ್ರೆಸ್ ಆಗಿದೆ ಅಂತ ನಾನು ಸದ್ದು ಮಾಡಿಕೊಂಡು ತಿರುಗಬಹುದಾ? ರೀಲ್ಸಿಗಾಗಿ ಗೇಟು ತಪ್ಪಿಸಿ ಒಳದಾರಿ ಹಿಡಿಯೋ ಗುಂಪುಗಳೂ ಇವೆ. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗೋದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅದು ಸಾಹಸ ಅಲ್ಲ, ಕೇಸು.

ಹಿಮದ ಕ್ಲಬ್ಬುಗಳಲ್ಲೂ ಈ ಜಗಳ ಇದೆ. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕಾಡೆಮ್ಮೆಗಳ ನಡುವೆ ಗಾಡಿ ಓಡಿಸೋ ವಿಷಯ ಕೋರ್ಟು ಹತ್ತಿ, ಕೊನೆಗೆ ದಿನಕ್ಕೆ ಇಷ್ಟೇ ಗಾಡಿ ಅನ್ನೋ ಮಿತಿ ಬಂತು. ಆದರೆ ಆ ಕ್ಲಬ್ಬುಗಳ ಒಂದು ಅಭ್ಯಾಸ ನನಗೆ ಇಷ್ಟ. ಸದಸ್ಯರೇ ಪರ್ಮಿಟ್ ದುಡ್ಡು ಕಟ್ಟಿ, ಜಮೀನಿನ ಮಾಲೀಕರನ್ನ ಕೇಳಿ, ದಾರಿ ಗುರುತು ಮಾಡಿ, ಬಿದ್ದ ಮರ ಎತ್ತಿ, ಆಮೇಲೆ ಗಾಡಿ ಹತ್ತೋದು. ನಮ್ಮ ಗ್ರೂಪಿನಲ್ಲಿ ಇರೋದು ಟೀ ಶರ್ಟು ಮಾತ್ರ.

ಇದನ್ನ ಗ್ರೂಪಲ್ಲಿ ಹಾಕಿದೆ. "ಏನ್ ಮಾರಾಯ, ರೈಡಿಗೆ ಬರ್ತೀಯೋ ಭಾಷಣಕ್ಕೆ ಬರ್ತೀಯೋ" ಅಂತ ಒಬ್ಬ. ಇನ್ನೊಬ್ಬ ಮಾತ್ರ ಬೇರೆಯಾಗಿ ಬರೆದ, ಅವನ ಅಜ್ಜ ಕಾರ್ಖಾನೆಯಲ್ಲಿ ದುಡಿದವರು: "ಟ್ರಾಮ್ ವಿಷಯ ಅಜ್ಜನ್ನ ಕೇಳಣ, ಈಗಲೂ ಶಿಫ್ಟ್ ಟೈಮಿಗೇ ಏಳ್ತಾರೆ."

ಹಾಗಾಗಿ ಮುಂದಿನ ಶನಿವಾರ ಭದ್ರಾವತಿಯಲ್ಲಿ ಟೀ ಅಂಗಡಿ ಬದಲು ಅಜ್ಜನ ಮನೆ. ಅಲ್ಲಿಂದ ಎಂ.ಸಿ. ಹಳ್ಳಿಗೆ, ಮಾತಾಡೋಕೆ ಯಾರಾದ್ರೂ ಒಪ್ಪಿದರೆ ಮೈಕ್ ತೆಗೀತೀನಿ. ಕಾಡು ನೋಡೋ ಆಸೆ ಇರೋರು ಲಕ್ಕವಳ್ಳಿಯಲ್ಲಿ ಬೈಕ್ ನಿಲ್ಲಿಸಿ ಸಫಾರಿ ಜೀಪು ಹತ್ತಲಿ. ಟಿಕೆಟ್ ಅವರವರದೇ.