ಗಿಟಾರಿನ ಗುಂಯ್ ಸದ್ದಿಗೆ ಮೈಸೂರಿನ ಚರಿತ್ರೆ

ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರ್‌ಗೆ ಸಿಕ್ಕಿಸಿ ಸ್ವಿಚ್ ಹಾಕಿದರೆ, ಯಾರೂ ನುಡಿಸದೆಯೇ ಒಂದು ಸದ್ದು ಶುರುವಾಗುತ್ತದೆ. ವಾದಕರು ಅದನ್ನು ‘ಹಮ್’ ಎನ್ನುತ್ತಾರೆ. ಕಿರಿಕಿರಿಯ ಸದ್ದೇ ಸರಿ, ಆದರೆ ಅದಕ್ಕೊಂದು ಶ್ರುತಿಯಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಹಾಗಾಗಿ ಹಮ್ ಕೂಡ 50 ಹರ್ಟ್ಸ್‌ನಲ್ಲೋ ಅದರ ದುಪ್ಪಟ್ಟು 100ರಲ್ಲೋ ಇರುತ್ತದೆ. ಪಾಶ್ಚಾತ್ಯರ ‘ಜಿ’ ಸ್ವರಕ್ಕೆ ಬಹಳ ಹತ್ತಿರ. 60 ಹರ್ಟ್ಸ್‌ನ ಅಮೆರಿಕದಲ್ಲಿ ಅದೇ ಗಿಟಾರು ‘ಬಿ ಫ್ಲ್ಯಾಟ್’ಗೂ ‘ಬಿ’ಗೂ ನಡುವೆ ಎಲ್ಲೋ ಗುನುಗುತ್ತದೆ.

ನಮ್ಮ ಸೀಮೆಯ ಹಮ್ ಹುಟ್ಟಿದ್ದು ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ ತಂತಿ ಎಳೆದರು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬೆಳಕು ಬಂತು. ಆಗ ಶಿವನಸಮುದ್ರದ ವಿದ್ಯುತ್ತು 25 ಆವರ್ತದ್ದಾಗಿತ್ತು. ಆ ಮೈಸೂರಿನಲ್ಲಿ ಎಲೆಕ್ಟ್ರಿಕ್ ಗಿಟಾರು ಇದ್ದಿದ್ದರೆ ಅದರ ಹಮ್ ಈಗಿನದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತಿತ್ತು.

ಗಿಟಾರು ಇರಲಿಲ್ಲ, ದೊಡ್ಡ ಸಭೆಗೆ ವಾದ್ಯ ಕೇಳಿಸುವುದಿಲ್ಲ ಎಂಬ ಕೊರಗು ಮಾತ್ರ ಇತ್ತು. ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಈ ಕೊರಗಿಗೇ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1930ರ ದಶಕದ ಆರಂಭದಲ್ಲಿ, ಅಮೆರಿಕದ ಜಾರ್ಜ್ ಬೀಚಮ್ ತಂತಿಯ ಬಳಿ ಅಯಸ್ಕಾಂತವನ್ನೂ ಸುರುಳಿಯನ್ನೂ ಇಟ್ಟು ಪಿಕಪ್ ಮಾಡಿದರು. ಕೊರಗು ಒಂದೇ, ಮದ್ದು ಎರಡು. ಚೌಡಯ್ಯನವರ ಮದ್ದಿನಲ್ಲಿ ಹಮ್ ಇರಲಿಲ್ಲ ಎಂಬುದನ್ನು ಅಭಿಮಾನದಿಂದಲೇ ಹೇಳುತ್ತೇನೆ! 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಬಾನುಲಿ ಕೇಂದ್ರ ಶುರುಮಾಡಿದಾಗ ಈ ಊರಿನ ಸಂಗೀತ ವಿದ್ಯುತ್ತಿನ ಜೊತೆ ಸಂಸಾರ ಹೂಡಿತು.

ಪಿಕಪ್ಪಿನ ತೊಂದರೆ ಏನೆಂದರೆ, ಅದರ ಸುರುಳಿಗೆ ತಂತಿಯ ಕಂಪನ ಯಾವುದು, ಪಕ್ಕದ ಟ್ರಾನ್ಸ್‌ಫಾರ್ಮರಿನ ಕ್ಷೇತ್ರ ಯಾವುದು ಎಂಬ ಭೇದ ತಿಳಿಯದು. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಜೋಡಿಸಿ ಇದಕ್ಕೆ ಉಪಾಯ ಕಂಡರು. ಸುರುಳಿಗಳ ಸಂಪರ್ಕ ಒಂದಕ್ಕೊಂದು ವಿರುದ್ಧ, ಅಯಸ್ಕಾಂತದ ಧ್ರುವಗಳೂ ವಿರುದ್ಧ. ಎರಡು ಸಲ ತಿರುಗಿದ ತಂತಿಯ ದನಿ ಕೂಡಿಕೊಳ್ಳುತ್ತದೆ. ಒಂದೇ ಸಲ ತಿರುಗಿದ ಹೊರಗಿನ ಹಮ್ ಪರಸ್ಪರ ಕಳೆದುಹೋಗುತ್ತದೆ. ‘ಹಂಬಕರ್’ ಎಂದರೆ ಇದೇ.

ನನ್ನ ಸಂಶೋಧನೆ ಮೈಸೂರಿನ ವೇದಿಕೆಗಳ ಧ್ವನಿ ವ್ಯವಸ್ಥೆಯ ಕುರಿತದ್ದು. ನಮ್ಮ ಸಂಗೀತ ಚರಿತ್ರೆಗಳಲ್ಲಿ ವಿದ್ವಾಂಸರಿದ್ದಾರೆ, ಮಹಾರಾಜರಿದ್ದಾರೆ; ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಮೈಕ್ ಕಟ್ಟಿದವರು ಅಡಿಟಿಪ್ಪಣಿಯಲ್ಲೂ ಇಲ್ಲ. ಹಮ್ಮಿನ ಶಾಸ್ತ್ರ ಬಲ್ಲವರು ಅವರು. ಅದನ್ನು ಹೀಗೆ ಬರೆದಿಡಬಹುದು. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಸದ್ದು ಹಾಗೇ ಇದ್ದರೆ ದೋಷವನ್ನು ಕೇಬಲ್ಲು, ಜಾಕು ಇಲ್ಲವೇ ಆಂಪಿನಲ್ಲಿ ಹುಡುಕಬೇಕು. ವಾದಕ ಕೂತಲ್ಲೇ ತಿರುಗಿದಾಗ ಸದ್ದು ಏರಿಳಿದರೆ ಅದು ಪಿಕಪ್ಪು ಹೀರಿದ ಹಮ್. ತಂತಿ ಮುಟ್ಟಿದೊಡನೆ ‘ಜುಯ್’ ಎನ್ನುವುದು ತಗ್ಗಿದರೆ ಬ್ರಿಡ್ಜಿನಿಂದ ಬರುವ ಅರ್ತ್ ವೈರು ಕೆಲಸ ಮಾಡುತ್ತಿದೆ, ಒಳಗಿನ ಶೀಲ್ಡಿಂಗ್ ಸಾಲದು ಎಂದರ್ಥ. ಮುಟ್ಟಿದಾಗ ಹೆಚ್ಚಾದರೆ ಆ ವೈರಿನ ಬೆಸುಗೆ ಬಿಟ್ಟಿರಬಹುದು, ಇಲ್ಲವೇ ಜಾಕಿನಲ್ಲಿ ಎರಡು ವೈರು ಅದಲುಬದಲಾಗಿರಬಹುದು.

ಇನ್ನೊಂದು ಬಗೆಯಿದೆ. ಆಂಪು ಒಂದು ಸಾಕೆಟ್ಟಿನಲ್ಲಿ, ಮಿಕ್ಸರು ದೂರದ ಇನ್ನೊಂದರಲ್ಲಿ. ಎರಡನ್ನೂ ಆಡಿಯೋ ಕೇಬಲ್ಲು ಕೂಡಿಸಿದಾಗ ಅರ್ತ್ ದಾರಿ ಎರಡಾಗಿ ನಡುವೆ ಸುತ್ತು ಬೀಳುತ್ತದೆ. ಎರಡನ್ನೂ ಒಂದೇ ಕಡೆಯಿಂದ ಎಳೆದುಕೊಂಡರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಅವಸರದಲ್ಲಿರುವವರು ಮಾಡುವುದು ಬೇರೆ. ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನೇ ತೆಗೆದುಬಿಡುತ್ತಾರೆ! ಹಮ್ ಹೋಗುತ್ತದೆ, ಅದೇ ಮೋಸ. ಆ ಪಿನ್ನು ಉಳಿದೆರಡಕ್ಕಿಂತ ಉದ್ದ ಇರುವುದು ಎಲ್ಲಕ್ಕಿಂತ ಮೊದಲು ಭೂಮಿಯ ಸಂಪರ್ಕ ಆಗಲಿ ಎಂದೇ. ಅದಿಲ್ಲದ ಆಂಪಿನೊಳಗೆ ಕರೆಂಟು ಸೋರಿದರೆ ಅದು ಗಿಟಾರಿನ ತಂತಿಯವರೆಗೂ ಬರುತ್ತದೆ. ವಾದಕನ ತುಟಿ ಮೈಕಿಗೆ ತಾಗಿದರೆ ಅವನೇ ಅರ್ತಿಂಗ್. 1972ರ ಮೇ 3ರಂದು ವೇಲ್ಸ್‌ನ ಸ್ವಾನ್‌ಸೀಯಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ ಹೀಗೆಯೇ ಸತ್ತ. ಅಲ್ಲಿ ಅರ್ತ್ ಇಲ್ಲದಿದ್ದದ್ದು ಮೈಕಿಗೆ. ನಾಲ್ಕು ವರ್ಷದ ನಂತರ ‘ಯಾರ್ಡ್‌ಬರ್ಡ್ಸ್’ ತಂಡದ ಕೀತ್ ರೆಲ್ಫ್ ತನ್ನ ಮನೆಯಲ್ಲೇ ಗಿಟಾರು ನುಡಿಸುತ್ತ ಶಾಕ್ ಹೊಡೆದು ತೀರಿಕೊಂಡ.

ಮೈಸೂರಿನ ಹಳೆಯ ಮನೆಗಳಲ್ಲಿ ಎರಡೇ ತೂತಿನ ಸಾಕೆಟ್ಟುಗಳು ಇನ್ನೂ ಉಳಿದಿವೆ. ಮೂರು ತೂತಿದ್ದರೂ ಹಿಂದೆ ಅರ್ತ್ ವೈರು ಇದ್ದೇ ಇರುತ್ತದೆ ಎನ್ನುವಂತಿಲ್ಲ. ಅಂಥ ಮನೆಯಲ್ಲಿ ಯಾರಾದರೂ ಹುಡುಗ ಗಿಟಾರು ಕಲಿಯುತ್ತಿದ್ದರೆ ನಾನು ರಾಗ, ಕಾರ್ಡು ವಿಚಾರಿಸುವ ಮುಂಚೆ ಹಿತ್ತಲಲ್ಲಿ ಅರ್ತಿಂಗ್ ಗುಂಡಿ ಇದೆಯೇ ಎಂದು ಕೇಳುತ್ತೇನೆ. ಇದ್ದಿಲು, ಉಪ್ಪು ತುಂಬಿ ಪೈಪು ಹೂತಿರುತ್ತಾರಲ್ಲ, ಅದು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಒಂದೆರಡು ಬಿಂದಿಗೆ ನೀರು ಹೊಯ್ಯಬೇಕು.