ವ್ಯಾನಿನ ಚಾವಣಿಗೆ ಬಂದ ಬಿಸಿಲು



ಕಳೆದ ತಿಂಗಳು ಆಸ್ಟ್ರೇಲಿಯಾದ ಅಡಿಲೇಡ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಗಂಡಹೆಂಡಿರು ಸೇರಿ ಹಳೆಯ ವ್ಯಾನೊಂದನ್ನು ಕೊಂಡು, ಅದರಲ್ಲಿ ಮಂಚ, ಒಲೆ, ಪುಟ್ಟ ಫ್ರಿಜ್ ಎಲ್ಲವನ್ನೂ ಕೂಡಿಸಿದ್ದಾರಂತೆ. ಚಾವಣಿಗೆ ಸೌರಫಲಕ ಹಾಕಬೇಕು, ಎಷ್ಟು ವ್ಯಾಟಿನದು ಬೇಕು ಎಂದು ಕೇಳಿದಳು. ಆಮೇಲೆ ನಗುತ್ತಾ, "ಸರ್, ಒಂಬತ್ತನೇ ಕ್ಲಾಸಿನಲ್ಲಿ ಇದನ್ನೇ ಕೇಳಿದ್ದೆ, ನೆನಪಿದೆಯಾ?" ಎಂದಳು.

ನೆನಪಿತ್ತು. 1988ರಲ್ಲಿ ಉಪಗ್ರಹಗಳ ಪಾಠ ನಡೆಯುತ್ತಿದ್ದಾಗ ಆ ಹುಡುಗಿ ಎದ್ದು ನಿಂತು, ಅಂಥ ಸೌರಕೋಶವನ್ನು ನಮ್ಮ ಮನೆಗೂ ಹಾಕಬಹುದೇ ಎಂದು ಕೇಳಿದ್ದಳು. ಅವಳ ಮನೆಗೆ ವಿದ್ಯುತ್ ಬಂದಿರಲಿಲ್ಲ. "ಮೊದಲು ಚಿಮಣಿಗೆ ಸೀಮೆಎಣ್ಣೆ ಹಾಕಿಕೊಳ್ಳಮ್ಮ, ಉಪಗ್ರಹ ಆಮೇಲೆ ನೋಡೋಣ" ಎಂದೆ. ತರಗತಿಯೆಲ್ಲ ನಕ್ಕಿತು. ಮಕ್ಕಳ ಪ್ರಶ್ನೆಯನ್ನು ಹೀಯಾಳಿಸಬಾರದೆಂದು ಬಿ.ಎಡ್. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವನು ನಾನು. ಅಷ್ಟೇ ಅಲ್ಲ, ನನ್ನ ಉತ್ತರ ವಸ್ತುಸ್ಥಿತಿಗೂ ವಿರುದ್ಧವಾಗಿತ್ತು. ಅದನ್ನು ಈಗಲಾದರೂ ತಿದ್ದಬೇಕೆಂದು ಈ ಲೇಖನ.

ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಮೊದಲು ಕಂಡವನು ಎಡ್ಮಂಡ್ ಬೆಕೆರೆಲ್ ಎಂಬ ಹತ್ತೊಂಬತ್ತರ ಫ್ರೆಂಚ್ ತರುಣ, 1839ರಲ್ಲಿ, ತನ್ನ ತಂದೆಯ ಪ್ರಯೋಗಶಾಲೆಯಲ್ಲಿ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ಮಿನ ಮೇಲೆ ತೆಳುವಾದ ಚಿನ್ನದ ಪದರ ಹೊದಿಸಿ ಸೌರಕೋಶ ಮಾಡಿದ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು.

ನಿಜವಾದ ತಿರುವು ಬಂದದ್ದು ದೂರವಾಣಿಯ ದೆಸೆಯಿಂದ. ತೇವದ ಹವೆಯಿರುವ ದೂರದ ಊರುಗಳಲ್ಲಿ ದೂರವಾಣಿ ಉಪಕರಣಗಳ ಒಣಕೋಶಗಳು ಬಹುಬೇಗ ಕೆಡುತ್ತಿದ್ದವು. (ಮಲೆನಾಡಿನವರಿಗೆ ಟಾರ್ಚಿನ ಸೆಲ್ಲು ಮಳೆಗಾಲದಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ.) ಬದಲಿ ಹುಡುಕುವ ಕೆಲಸ ಬೆಲ್ ಪ್ರಯೋಗಾಲಯದ ಡೇರಿಲ್ ಚಾಪಿನ್‌ಗೆ ಬಿತ್ತು. ಸೆಲೆನಿಯಮ್ಮಿನೊಡನೆ ಹೆಣಗುತ್ತಿದ್ದ ಆತನಿಗೆ, ಅದನ್ನು ಬಿಟ್ಟು ಸಿಲಿಕಾನ್ ಹಿಡಿ ಎಂದವನು ಅಲ್ಲಿಯೇ ಇದ್ದ ಜೆರಾಲ್ಡ್ ಪಿಯರ್ಸನ್. ಕ್ಯಾಲ್ವಿನ್ ಫುಲ್ಲರ್ ಜೊತೆಗೂಡಿದ. 1954ರ ಏಪ್ರಿಲ್‌ನಲ್ಲಿ ಈ ಮೂವರ ಕೋಶವನ್ನು ಲೋಕಕ್ಕೆ ತೋರಿಸಿದಾಗ ಅದರ ದಕ್ಷತೆ ಸುಮಾರು ಶೇಕಡಾ 6. ಮರುವರ್ಷ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ದೂರವಾಣಿ ತಂತಿಗೆ ಜೋಡಿಸಿ ನೋಡಿದರು. ಕೆಲಸವೇನೋ ಮಾಡಿತು, ಬೆಲೆ ಮಾತ್ರ ಕೈಗೆಟುಕಲಿಲ್ಲ. ಹೀಗೆ ನೆಲದಲ್ಲಿ ಗಿರಾಕಿಯಿಲ್ಲದ ವಸ್ತು ಆಕಾಶಕ್ಕೆ ಹೋಯಿತು. 1958ರ ಮಾರ್ಚಿಯಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹ ಸೌರಕೋಶಗಳ ಬಲದಿಂದ 1964ರವರೆಗೆ ಸಂಕೇತ ಕಳುಹಿಸಿತು.

ನನ್ನ ಪಾಠ ಅಲ್ಲಿಗೇ ನಿಂತಿತ್ತು. ಚರಿತ್ರೆ ನಿಂತಿರಲಿಲ್ಲ. 1970ರ ಸುಮಾರಿಗೆ ವ್ಯಾಟಿಗೆ 100 ಡಾಲರಿನಷ್ಟಿದ್ದ ಬೆಲೆಯನ್ನು ಎಲಿಯಟ್ ಬರ್ಮನ್ ಎಂಬ ರಸಾಯನಶಾಸ್ತ್ರಜ್ಞ 1973ರ ವೇಳೆಗೆ 20ಕ್ಕೆ ಇಳಿಸಿದ. ಇಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬೇಡವೆಂದು ಬಿಸುಟ ಸಿಲಿಕಾನ್ ಬಿಲ್ಲೆಗಳೇ ಆತನ ಬಂಡವಾಳ. ಹಣ ಕೊಟ್ಟದ್ದು ಎಕ್ಸಾನ್ ಎಂಬ ತೈಲ ಕಂಪನಿ. ಸಮುದ್ರದ ನಡುವಿನ ತೈಲ ಅಟ್ಟಣೆಗಳ ಎಚ್ಚರಿಕೆಯ ದೀಪಗಳೇ ಈ ಅಗ್ಗದ ಫಲಕಗಳಿಗೆ ದೊರೆತ ಮೊದಲ ಗಿರಾಕಿಗಳ ಸಾಲಿನಲ್ಲಿದ್ದವು. ಆ ದಶಕದ ಕೊನೆಗೆ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಟೆನಂಟ್ ಕ್ರೀಕ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ವರೆಗಿನ ದೂರವಾಣಿ ಗೋಪುರಗಳು ಬಿಸಿಲಿನಿಂದಲೇ ನಡೆಯತೊಡಗಿದವು. ನನ್ನ ವಿದ್ಯಾರ್ಥಿನಿಯ ವ್ಯಾನು ಹೊರಟಿರುವುದೂ ಆ ದಾರಿಯಲ್ಲಿಯೇ. ಎಂದರೆ, ತರಗತಿಯಲ್ಲಿ ನಾನು ಅವಳನ್ನು ಕೂಡಿಸಿದಾಗ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿ ಸುಮಾರು ಹತ್ತು ವರ್ಷಗಳಾಗಿದ್ದವು! ನಮ್ಮ ಬೆಂಗಳೂರಿನಲ್ಲಿಯೇ 1995ರಲ್ಲಿ ಸೆಲ್ಕೋ ಸಂಸ್ಥೆ ಆರಂಭವಾಗಿ ಹಳ್ಳಿಮನೆಗಳಿಗೆ ಸೌರದೀಪ ಹಾಕಲು ಹೊರಟಿತು.

ಇನ್ನು ಅವಳ ವ್ಯಾನಿನ ಲೆಕ್ಕ. ಫ್ರಿಜ್ಜಿಗೆ ದಿನಕ್ಕೆ ಸುಮಾರು 360 ವ್ಯಾಟ್-ಗಂಟೆ. ದೀಪ, ಫೋನು, ಲ್ಯಾಪ್‌ಟಾಪು, ನೀರಿನ ಪಂಪು ಸೇರಿ ಇನ್ನೊಂದು 190. ಒಟ್ಟು 550. ದಿನಕ್ಕೆ ನಾಲ್ಕು ಗಂಟೆಯ ಪೂರ್ಣ ಬಿಸಿಲೆಂದು ಹಿಡಿದರೆ 200 ವ್ಯಾಟಿನ ಫಲಕದಿಂದ 800 ಬರಬೇಕು. ಆದರೆ ಫಲಕ ಚಾವಣಿಯ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಕಾದಷ್ಟೂ ಸೊರಗುತ್ತದೆ, ಧೂಳು ಕೂರುತ್ತದೆ. ಹತ್ತರಲ್ಲಿ ಮೂರು ಪಾಲು ಕಳೆಯಿರಿ, 560 ಉಳಿಯಿತು. ಸಾಕು, ಆದರೆ ಹೆಚ್ಚೇನೂ ಇಲ್ಲ.

ಇಲ್ಲಿಯೂ ಚರಿತ್ರೆಯ ಗುರುತುಗಳಿವೆ. ಹನ್ನೆರಡು ವೋಲ್ಟಿನದೆಂದು ಮಾರುವ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶಗಳೇಕೆ? ಕೆಲಸ ಮಾಡುವಾಗ ಒಂದೊಂದೂ ಅರ್ಧ ವೋಲ್ಟ್ ಕೊಟ್ಟರೆ ಒಟ್ಟು 18. ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸದ ಬ್ಯಾಟರಿಯ ವಂಶದ್ದೇ ಆದ ಇಂದಿನ 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಲು 14ಕ್ಕಿಂತ ಹೆಚ್ಚು ಬೇಕು. ಉಳಿದದ್ದು ಬಿಸಿಯಲ್ಲಿ ಆಗುವ ಇಳಿತಕ್ಕೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಾ ಹೋದರೆ ಅದು ಬಹಳ ಕಾಲ ಬಾಳದು. ಆದ್ದರಿಂದ ಎರಡು ದಿನದ ಮೋಡಕ್ಕೆ 200 ಆಂಪಿಯರ್-ಗಂಟೆಯದು ಬೇಕಾಗುತ್ತದೆ; ವ್ಯಾನಿಗೆ ಅದು ಹೆಣಭಾರ. ಪಾಧಿ, ನಂಜುಂಡಸ್ವಾಮಿ, ಗುಡ್‌ಎನಫ್ ಎಂಬ ಮೂವರು 1997ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಬೆಳೆದ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಾದರೆ 100 ಸಾಕು. ಬೆಲೆ ಜಾಸ್ತಿಯಾದರೂ ಅದನ್ನೇ ಕೊಳ್ಳೆಂದೆ.

ಫಲಕದ ಕೆಳಗೆ ಗಾಳಿಯಾಡಲು ಎರಡು ಬೆರಳು ಸಂದು ಬಿಡು, ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಹಾಕು, ಚಾರ್ಜ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿಯನ್ನು ಜೋಡಿಸಿ ಅನಂತರವೇ ಫಲಕದ ತಂತಿ ಕೊಡು ಎಂದೆಲ್ಲ ಹೇಳಿದೆ. ಕೊನೆಯಲ್ಲಿ, ಆ ದಿನ ಹಾಗೆ ನಗಿಸಿದ್ದು ತಪ್ಪಾಯಿತಮ್ಮ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಆ ದಿನ ಮನೆಗೆ ಹೋಗಿ ಅತ್ತಿದ್ದೆ ಸರ್. ಅಪ್ಪನಿಗೆ ಹೇಳಿರಲಿಲ್ಲ" ಎಂದಳು. ಮತ್ತೆ ಫ್ರಿಜ್ಜಿನ ಮಾತಿಗೆ ಬಂದಳು.

ಮೊನ್ನೆ ಚಾವಣಿಯ ಚಿತ್ರ ಕಳುಹಿಸಿದ್ದಾಳೆ. ಗಾಳಿಕಿಂಡಿಯ ನೆರಳು ಮಧ್ಯಾಹ್ನದ ಮೇಲೆ ಫಲಕದ ಮೂಲೆಗೆ ಬೀಳುವಂತೆ ಕಾಣುತ್ತದೆ. ಕೋಶಗಳು ದೀಪಾವಳಿಯ ಹಳೆಯ ಸೀರಿಯಲ್ ಸೆಟ್ಟಿನಂತೆ ಒಂದರ ಹಿಂದೆ ಒಂದು ಜೋಡಿಸಿದವು. ಒಂದಕ್ಕೆ ನೆರಳಾದರೂ ಸಾಲಿಗೆಲ್ಲ ಏಟು. ಒಂದು ಗೇಣು ಹಿಂದಕ್ಕೆ ಸರಿಸೆಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.