ಜಲಜನಕ ಬಂಧದ ಚರಿತ್ರೆ

ನೀರು 100 ಡಿಗ್ರಿ ಉಷ್ಣತೆಯಲ್ಲಿ ಕುದಿಯುತ್ತದೆಂಬುದು ಶಾಲೆಯ ಬಾಲಕರಿಗೂ ತಿಳಿದ ವಿಷಯ. ಅದು ಹಾಗೇಕೆ ಕುದಿಯಬೇಕೆಂದು ಕೇಳುವವರು ವಿರಳ. ಆಮ್ಲಜನಕದ ಬಳಗಕ್ಕೆ ಸೇರಿದ ಟೆಲ್ಲೂರಿಯಂ, ಸೆಲೆನಿಯಂ, ಗಂಧಕ ಇವು ಜಲಜನಕದೊಡನೆ ಕೂಡಿ ಆಗುವ ವಸ್ತುಗಳು ಕ್ರಮವಾಗಿ ಸೊನ್ನೆಗಿಂತ 2, 41, 60 ಡಿಗ್ರಿಗಳಷ್ಟು ಕೆಳಗೆಯೇ ಕುದಿಯುತ್ತವೆ. ಅಣುವು ಹಗುರವಾದಂತೆಲ್ಲ ಕುದಿಯುವ ಉಷ್ಣತೆ ಇಳಿಯುತ್ತ ಬರುತ್ತದೆ. ಈ ಲೆಕ್ಕದಂತೆ, ಇವೆಲ್ಲಕ್ಕಿಂತ ಹಗುರವಾದ ನೀರು ಸೊನ್ನೆಗಿಂತ 70–80 ಡಿಗ್ರಿಗಳಷ್ಟು ಕೆಳಗೆ ಕುದಿದು ಆವಿಯಾಗಬೇಕಾಗಿತ್ತು. ಹಾಗಾಗಿದ್ದರೆ ಕಾವೇರಿಯೂ ಇರುತ್ತಿರಲಿಲ್ಲ, ಈ ಮಾತನ್ನು ಕೇಳಲು ನಾವು ನೀವೂ ಇರುತ್ತಿರಲಿಲ್ಲ. ನೀರಿನ ಅಣುಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸತಕ್ಕ ಕಟ್ಟೊಂದು ಇರಲೇಬೇಕು. ಅದಕ್ಕೆ ಜಲಜನಕ ಬಂಧವೆಂದು ಹೆಸರು.

ಜಲಜನಕದ ಪರಮಾಣು ಒಂದೇ ಒಂದು ಪರಮಾಣುವಿನ ಕೈಹಿಡಿಯಬಲ್ಲದೆಂಬುದು ಹಳೆಯ ರಸಾಯನ ಶಾಸ್ತ್ರದ ನಿಯಮವಾಗಿತ್ತು. 1919ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಪ್ರಸಿದ್ಧ ಪಂಡಿತನಾದ ಲ್ಯೂಯಿಸನ ವಿಭಾಗದಲ್ಲಿ ಓದುತ್ತಿದ್ದ ಹಗಿನ್ಸ್ ಎಂಬ ವಿದ್ಯಾರ್ಥಿಯು ತರಗತಿಗೆಂದು ಬರೆದ ಪ್ರಬಂಧದಲ್ಲಿ, ಜಲಜನಕವು ಎರಡು ಪರಮಾಣುಗಳ ನಡುವೆ ಸೇತುವೆಯಂತೆ ನಿಲ್ಲಬಹುದೆಂದು ಸೂಚಿಸಿದನು. ಮರುವರ್ಷ ಅಲ್ಲಿಯವರೇ ಆದ ಲ್ಯಾಟಿಮರ್ ಮತ್ತು ರೋಡ್‌ಬುಷ್ ಈ ಊಹೆಯನ್ನು ನೀರಿಗೆ ಅನ್ವಯಿಸಿ ಲೇಖನವನ್ನು ಪ್ರಕಟಿಸಿದರು. ಹಗಿನ್ಸನಿಗೆ ಅದರಲ್ಲಿ ದೊರೆತುದು ಒಂದು ಅಡಿಟಿಪ್ಪಣಿ. 1923ರಲ್ಲಿ ಲ್ಯೂಯಿಸನು ತನ್ನ ಗ್ರಂಥದಲ್ಲಿ ಮೂವರನ್ನೂ ಹೆಸರಿಸಿದನು. ಆದರೂ ಐವತ್ತು ವರ್ಷಗಳಾದ ಮೇಲೆಯೂ ಹಗಿನ್ಸನು ಈ ಮೊದಲಿನ ಕಥೆಯನ್ನು ಲೋಕಕ್ಕೆ ನೆನಪಿಸಿ ಬರೆಯಬೇಕಾಯಿತು.

ಈ ಬಂಧದ ಸ್ವರೂಪ ಸರಳವಾದುದು. ಆಮ್ಲಜನಕವು ತನಗಂಟಿದ ಜಲಜನಕದ ವಿದ್ಯುತ್ಕಣವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಹೀಗೆ ಬಡವಾದ ಜಲಜನಕವು ನೆರೆಯ ಅಣುವಿನ ಆಮ್ಲಜನಕದ ಕಡೆಗೆ ಒಲಿಯುತ್ತದೆ. ಈ ಒಲವಿನ ಬಲ ನೀರಿನಲ್ಲಿ ನಿಜವಾದ ರಾಸಾಯನಿಕ ಬಂಧದ ಇಪ್ಪತ್ತನೆಯ ಒಂದು ಪಾಲು ಮಾತ್ರ. ಇಷ್ಟು ದುರ್ಬಲವಾದುದಕ್ಕೆ ಬಂಧವೆಂಬ ಹೆಸರೇಕೆ ಎಂದು ಹುಬ್ಬು ಹಾರಿಸಬಹುದು. ಆದರೆ ಜೀವಿಗಳಿಗೆ ಬೇಕಾದುದು ಇಂಥದೇ. ಒಡೆಯಲಾರದ ಕಟ್ಟಿನಿಂದ ಬಂಡೆಯಾಗಬಹುದೇ ಹೊರತು ಜೀವಕೋಶವಾಗಲಾರದು. 1936ರಲ್ಲಿ ಮಿರ್ಸ್ಕಿ ಮತ್ತು ಪೌಲಿಂಗ್ ಎಂಬವರು, ಮೊಟ್ಟೆಯ ಬಿಳಿಯು ಕಾದಾಗ ಗಟ್ಟಿಯಾಗುವುದಕ್ಕೂ ಇದೇ ಕಾರಣವನ್ನು ಹೇಳಿದರು. ಪ್ರೋಟೀನಿನ ಮಡಿಕೆಯನ್ನು ಹಿಡಿದಿರುವ ಜಲಜನಕ ಬಂಧಗಳು ಕಾವಿಗೆ ಬಿಚ್ಚಿಹೋಗುತ್ತವೆ. ಸರಪಣಿ ಹರಿಯುವುದಿಲ್ಲ, ಮಡಿಕೆ ಕೆಡುತ್ತದೆ. (ಸಸ್ಯಾಹಾರಿಗಳಾದ ಶ್ರೋತೃಗಳು ಈ ದೃಷ್ಟಾಂತವನ್ನು ಮನ್ನಿಸಬೇಕು.) 1951ರಲ್ಲಿ ಪೌಲಿಂಗನು ತನ್ನ ಸಂಗಡಿಗರೊಡನೆ ಪ್ರೋಟೀನಿನ ಸುರುಳಿಯ ರಚನೆಯನ್ನು ಪ್ರಕಟಿಸಿದುದು ಈ ದಾರಿಯ ದೊಡ್ಡ ಜಯ.

ಅದಕ್ಕೂ ಮುಂಚೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಡೆದ ಕೆಲಸವನ್ನು ಬಲ್ಲವರು ಕಡಮೆ. ಅಲ್ಲಿ ಗಲ್ಲಂಡ್ ಎಂಬ ರಸಾಯನ ಶಾಸ್ತ್ರಜ್ಞನು ಜಾರ್ಡನ್ ಮೊದಲಾದವರೊಡನೆ, ಕರುವಿನ ಥೈಮಸ್ ಗ್ರಂಥಿಯಿಂದ ಡಿ.ಎನ್.ಎ. ಎಂಬ ಆಮ್ಲವನ್ನು ಬಹು ಎಚ್ಚರದಿಂದ ತೆಗೆದು, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಆಮ್ಲವನ್ನೂ ಕ್ಷಾರವನ್ನೂ ಬೆರೆಸಿ ನೋಡಿದನು. ಅದರೊಳಗಿನ ಪ್ರತ್ಯಾಮ್ಲಗಳು ಮೊದಲು ಯಾವುದಕ್ಕೂ ಜಗ್ಗಲಿಲ್ಲ. ಒಂದು ಮೇರೆಯನ್ನು ದಾಟಿದೊಡನೆ ಒಮ್ಮೆಗೇ ತೆರೆದುಕೊಂಡವು. ಆ ಮೇರೆಯಲ್ಲಿಯೇ ದ್ರವದ ಮಂದತ್ವವೂ ಥಟ್ಟನೆ ಇಳಿಯಿತು. ಪ್ರತ್ಯಾಮ್ಲಗಳು ಜಲಜನಕ ಬಂಧಗಳಿಂದ ಪರಸ್ಪರ ಕಟ್ಟಲ್ಪಟ್ಟಿವೆಯೆಂದು ಅವರು 1947ರಲ್ಲಿ ಪ್ರಕಟಿಸಿದರು. ಶಿಷ್ಯನಾದ ಕ್ರೀತ್ ಎಂಬವನು ಅದೇ ವರ್ಷದ ತನ್ನ ಪ್ರೌಢಪ್ರಬಂಧದಲ್ಲಿ, ಹೀಗೆ ಕಟ್ಟಲ್ಪಟ್ಟ ಎರಡು ಎಳೆಗಳ ಚಿತ್ರವನ್ನೇ ಬರೆದನು. ಆದರೆ ಆ ಅಕ್ಟೋಬರ್ 26ರಂದು ಗಾಸ್ವಿಕ್ ಎಂಬಲ್ಲಿ ರೈಲು ಹಳಿ ತಪ್ಪಿ ಗಲ್ಲಂಡನು ಮಡಿದನು. ಗುಂಪು ಚದುರಿತು, ಕ್ರೀತನ ಚಿತ್ರ ಪ್ರಬಂಧದೊಳಗೇ ಉಳಿಯಿತು.

ಆರು ವರ್ಷಗಳಾದ ಮೇಲೆ, 1953ರ ಆರಂಭದಲ್ಲಿ, ಈ ಪ್ರಶ್ನೆಯನ್ನು ಬಗೆಹರಿಸಲು ಹೊರಟವನು ಪೌಲಿಂಗನೇ. ಆತನು ಕಲ್ಪಿಸಿದ ಮೂರು ಎಳೆಗಳ ಡಿ.ಎನ್.ಎ.ಯಲ್ಲಿ ರಂಜಕಾಮ್ಲದ ಭಾಗಗಳು ಒಳಗಿದ್ದುವು. ಅವುಗಳ ಮೇಲಿನ ಜಲಜನಕಗಳೇ ಎಳೆಗಳನ್ನು ಬಂಧಿಸಬೇಕಾಗಿತ್ತು. ನೀರಿನಲ್ಲಿ ಆಮ್ಲವು ತನ್ನ ಜಲಜನಕವನ್ನು ಬಿಟ್ಟುಕೊಡುತ್ತದೆಂಬ ಮೊದಲ ಪಾಠವೇ ಅಲ್ಲಿ ಮರೆತುಹೋಗಿತ್ತು. ಜಲಜನಕ ಬಂಧವನ್ನು ಲೋಕಕ್ಕೆ ಕಲಿಸಿದ ಗುರುವೇ ಜಲಜನಕವನ್ನು ಇರಬಾರದೆಡೆಯಲ್ಲಿ ಇರಿಸಿದನು!

ಅತ್ತ ಕೇಂಬ್ರಿಜ್ಜಿನಲ್ಲಿ ವಾಟ್ಸನ್ ಎಂಬ ತರುಣನು, ಗಲ್ಲಂಡ್ ಮತ್ತು ಜಾರ್ಡನ್ನರ ಲೇಖನಗಳನ್ನು ಮತ್ತೆ ಓದಿ, ಪ್ರತ್ಯಾಮ್ಲಗಳನ್ನು ಜೋಡಿಸತೊಡಗಿದ್ದನು. ಆತನೂ ಎಡವಿದನು. ಪಠ್ಯಪುಸ್ತಕಗಳಲ್ಲಿ ಪ್ರತ್ಯಾಮ್ಲಗಳ ಜಲಜನಕವನ್ನು ತಪ್ಪು ಪರಮಾಣುವಿನ ಮೇಲೆ ಚಿತ್ರಿಸುವುದು ವಾಡಿಕೆಯಾಗಿತ್ತು. ಅದೇ ಕೊಠಡಿಯಲ್ಲಿ ಕೆಲಸಮಾಡುತ್ತಿದ್ದ ಡಾನಹ್ಯೂ ಎಂಬ ಅಮೆರಿಕದ ಸ್ಫಟಿಕಶಾಸ್ತ್ರಜ್ಞನು, ಆ ಚಿತ್ರಗಳಿಗೆ ಆಧಾರವಿಲ್ಲ, ಜಲಜನಕವನ್ನು ಪಕ್ಕದ ಪರಮಾಣುವಿಗೆ ಸರಿಸಬೇಕೆಂದು ಖಂಡಿತವಾಗಿ ಹೇಳಿದನು. ಫೆಬ್ರವರಿ 28ರ ಬೆಳಗ್ಗೆ ವಾಟ್ಸನನು ರಟ್ಟಿನ ತುಂಡುಗಳನ್ನು ಹಾಗೆ ತಿದ್ದಿ ಮೇಜಿನ ಮೇಲೆ ಸರಿಸಾಡಿದಾಗ ಅಡೆನಿನ್ ಥೈಮಿನ್ನಿಗೂ ಗ್ವಾನಿನ್ ಸೈಟೊಸಿನ್ನಿಗೂ ತಾನಾಗಿ ಹೊಂದಿಕೊಂಡಿತು. ಎರಡು ಜೋಡಿಗಳೂ ಒಂದೇ ಆಕಾರ. ಷಾರ್ಗಾಫನು ಅಳೆದಿದ್ದ ಸಮಪ್ರಮಾಣಗಳ ಒಗಟೂ ಬಿಡಿಸಿತು. ಬಂಧ ದುರ್ಬಲವಾದುದರಿಂದ ಎಳೆಗಳು ಬೇರೆಯಾಗಬಲ್ಲವು. ಬೇರೆಯಾದ ಒಂದೊಂದೂ ಹೊಸ ಜೊತೆಯನ್ನು ಕಟ್ಟಿಕೊಳ್ಳಬಲ್ಲದು. ಏಪ್ರಿಲ್ 25ರಂದು ಹೊರಬಂದ ವಾಟ್ಸನ್ ಮತ್ತು ಕ್ರಿಕ್ಕರ ಪುಟ್ಟ ಲೇಖನದಲ್ಲಿ ಡಾನಹ್ಯೂವಿಗೆ ಕೃತಜ್ಞತೆಯುಂಟು, ಗಲ್ಲಂಡನ ಹೆಸರಿಲ್ಲ. ರೋಸಲಿಂಡ್ ಫ್ರಾಂಕ್ಲಿನ್ ಎಂಬಾಕೆಯ ಛಾಯಾಚಿತ್ರ ಆಕೆಗೆ ತಿಳಿಯದೆ ಅವರ ಕಣ್ಣಿಗೆ ಬಿದ್ದಿದ್ದ ಸಂಗತಿಯಂತೂ ಪ್ರತ್ಯೇಕವಾಗಿ ಹೇಳತಕ್ಕ ಕಥೆ. ಗ್ವಾನಿನ್ ಜೋಡಿಯಲ್ಲಿ ಬಂಧಗಳು ಎರಡಲ್ಲ, ಮೂರು ಎಂಬುದನ್ನು 1956ರಲ್ಲಿ ತೋರಿಸಿದವರಲ್ಲಿ ಪೌಲಿಂಗನೂ ಒಬ್ಬನೆಂಬುದು ಸಮಾಧಾನದ ಮಾತು.

ಇಷ್ಟೆಲ್ಲ ಆದರೂ, ಜಲಜನಕ ಬಂಧವೆಂದು ಯಾವುದನ್ನು ಕರೆಯಬೇಕೆಂಬ ವಾದ ಪಂಡಿತರಲ್ಲಿ ನಿಲ್ಲಲಿಲ್ಲ. ಇಂಗಾಲಕ್ಕೆ ಅಂಟಿದ ಜಲಜನಕದ ಬಲು ಮೆಲ್ಲನೆಯ ಸೆಳೆತವೂ ಈ ಹೆಸರಿಗೆ ಅರ್ಹವೇ ಎಂದು ಕೆಲವರು ಸಂಶಯಪಟ್ಟರು. ಅಂತರರಾಷ್ಟ್ರೀಯ ರಸಾಯನ ಸಂಘವು ಹೊಸ ಲಕ್ಷಣವಾಕ್ಯವನ್ನು ರಚಿಸಲು ಒಂದು ಮಂಡಲಿಯನ್ನು ನೇಮಿಸಿತು. ಅದರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅರುಣನ್ ಅವರು. 2011ರಲ್ಲಿ ಹೊರಬಂದ ಆ ವಾಕ್ಯವು ಬಲಕ್ಕೆ ಕೆಳಗಿನ ಮಿತಿಯನ್ನು ಹಾಕಲಿಲ್ಲ. ಬಂಧವೇರ್ಪಟ್ಟುದಕ್ಕೆ ಸಾಕ್ಷ್ಯವಿರಬೇಕೆಂದಷ್ಟೆ ವಿಧಿಸಿತು.